ಅತ್ತೆಯ ಕೈಗೆ ಕೊಟ್ಟ ಎಣಿಕೆ

ತಾಯಿ ಕಾರ್ಡಿನಲ್ಲಿ ಮೂರು ಚೌಕಗಳಿರುತ್ತವೆ. ಇದು ಎಷ್ಟನೇ ಬಸಿರು, ಹಿಂದೆ ಎಷ್ಟು ಹೆರಿಗೆ, ಬದುಕಿರುವ ಮಕ್ಕಳೆಷ್ಟು. ಆಕೆಯ ಕಾರ್ಡಿನಲ್ಲಿ ನಾನು ಮೂರು, ಎರಡು, ಸೊನ್ನೆ ಎಂದು ಬರೆದೆ. ಸೊನ್ನೆ ಬರೆಯುವಾಗ ಆಕೆ ನನ್ನ ಪೆನ್ನಿನ ತುದಿಯನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಕಾರ್ಡು ಮಡಚಿ ಕೈಚೀಲದ ತಳಕ್ಕೆ, ಬುತ್ತಿ ಡಬ್ಬಿಯ ಕೆಳಗೆ ಇಟ್ಟಳು.

ಹನುಮಸಾಗರದ ಹತ್ತಿರದ ಒಂದು ಹಳ್ಳಿಯ ಉಪಕೇಂದ್ರದಲ್ಲಿ ನಾನು ಆರೋಗ್ಯ ಸಹಾಯಕಿ. ಊರಿನ ಬಾಯಲ್ಲಿ ಸಿಸ್ಟರ್, ಹತ್ತಿರದವರಿಗೆ ಅಕ್ಕಾರ. ಬಸುರಿಯರನ್ನು ಮೂರು ತಿಂಗಳೊಳಗೆ ದಾಖಲು ಮಾಡಿಕೊಳ್ಳಬೇಕು. ಆಕೆ ಸಿಕ್ಕಿದ್ದು ಐದು ತುಂಬಿದ ಮೇಲೆ, ಅದೂ ತಾನಾಗಿ ಬಂದಿರಲಿಲ್ಲ. ನಮ್ಮ ಆಶಾ ಕಾರ್ಯಕರ್ತೆ ಬೀಜದ ನೆಟ್ಟಿನ ಮುಂದೆ ಹಾದುಹೋಗುವಾಗ, ಸೆರಗು ಸೊಂಟಕ್ಕೆ ಬಿಗಿದು ನಿಂತಿದ್ದ ಆಕೆಯ ನಿಲುವು ನೋಡಿ ಅನುಮಾನಪಟ್ಟು ಕರೆದುಕೊಂಡು ಬಂದಿದ್ದಳು.

ಕುಷ್ಟಗಿ ಸೀಮೆಯಲ್ಲಿ ಟೊಮ್ಯಾಟೊ, ಮೆಣಸಿನ ಬೀಜ ತಯಾರಿಸುವ ಬಿಳಿ ಪರದೆಯ ನೆಟ್ಟುಗಳು ಬಹಳ. ಒಳಗೆ ಹೆಣ್ಣುಮಕ್ಕಳು ಸಾಲುಹಿಡಿದು ನಿಂತು, ಅರಳದ ಮೊಗ್ಗನ್ನು ಸಣ್ಣ ಚಿಮಟದಿಂದ ಬಿಡಿಸಿ, ಮರುದಿನ ಅದಕ್ಕೆ ಬೇರೆ ಗಿಡದ ಪರಾಗ ಮುಟ್ಟಿಸುತ್ತಾರೆ. ಆ ಕೆಲಸದಲ್ಲಿ ಆಕೆಯ ಕೈ ಬಲು ಸೂಕ್ಷ್ಮ ಎಂದು ಮೇಸ್ತ್ರಿಯೇ ಹೇಳುತ್ತಿದ್ದ. ದಿನಕ್ಕೆ ಎಂಟು ತಾಸು ನಿಂತೇ ಇರಬೇಕು.

ಹಿಂದಿನ ಎರಡೂ ಕೂಸುಗಳು ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿದ್ದವು. ಮೊದಲನೆಯದು ನಾನು ಈ ಊರಿಗೆ ಬರುವ ಮುಂಚಿನ ಮಾತು. ಎರಡನೆಯದರ ಹೊತ್ತಿಗೆ ನಾನು ಬಂದಿದ್ದೆ. ಹೊಸಬಳು, ಪಕ್ಕದ ಉಪಕೇಂದ್ರದ ಜವಾಬ್ದಾರಿಯೂ ನನ್ನ ಮೇಲಿತ್ತು. ಆಕೆಯನ್ನು ಒಂದೇ ಸಲ ನೋಡಿ, ಬಿಪಿ ಹಿಡಿದು, ಕಬ್ಬಿಣದ ಗುಳಿಗೆ ಕೊಟ್ಟು, ಸಾಧಾರಣ ಎಂದು ಬರೆದು ಕಳಿಸಿದ್ದೆ.

ಈ ಸಲ ಅಪಾಯದ ಬಸಿರೆಂದು ಕಾರ್ಡಿಗೆ ಕೆಂಪು ಗುರುತು ಹಚ್ಚಿದೆ. ತೂಕ, ರಕ್ತ, ಮೂತ್ರ, ಎಲ್ಲಕ್ಕೂ ಆಕೆ ಸುಮ್ಮನೆ ಒಪ್ಪಿದಳು. ಕೂಸಿನ ಎದೆಬಡಿತ ಕೇಳುವ ಸಣ್ಣ ಡಾಪ್ಲರ್ ಯಂತ್ರ ತೆಗೆದಾಗ ಮಾತ್ರ ನನ್ನ ಮುಂಗೈ ಹಿಡಿದುಕೊಂಡಳು.

"ನೀವು ಕೇಳ್ಕೊರಿ ಅಕ್ಕಾರ. ನನಗ ಕೇಳಸಬ್ಯಾಡ್ರಿ. ಕಿವಿಗೆ ಬಿದ್ದ್ರ ಅದು ನಂದಾಗತೈತಿ."

ನಾನು ದನಿ ಪೂರ್ತಿ ತಗ್ಗಿಸಿ, ಯಂತ್ರ ಕಿವಿಗೆ ಹಚ್ಚಿಕೊಂಡು ಕೇಳಿದೆ. ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಆ ಮನೆಯಲ್ಲಿ ಬಸಿರಿನ ಮಾತೇ ಇರಲಿಲ್ಲ. ಗಂಡ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದವನು ಈ ಸಲ ತಿಂಗಳಾದರೂ ಬಂದಿರಲಿಲ್ಲ. ತವರು ಯಲಬುರ್ಗಾ ಕಡೆ, ಬೇವೂರಿನ ಆಚೆ. ತಾಯಿ ತೀರಿದ ಮೇಲೆ ಅಲ್ಲಿಂದ ಯಾರೂ ಬಂದುಹೋಗಿ ಮಾಡುತ್ತಿರಲಿಲ್ಲ. ಮೊದಲ ಬಸಿರಿಗೆ ಹಸಿರು ಸೀರೆ, ಬಳೆ ತಂದು ಸೀಮಂತದ ಕುಬಸ ಮಾಡಿದ್ದರಂತೆ. ಈಗ ಓಣಿಯಲ್ಲಿ ಇನ್ನೊಬ್ಬಳ ಕುಬಸ ನಡೆದರೆ ಆಕೆಗೆ ಹೇಳಿಕಳಿಸುತ್ತಿರಲಿಲ್ಲ. ಆಕೆಯೂ ಆ ದಿನ ಕತ್ತಲಿದ್ದಾಗಲೇ ನೆಟ್ಟಿಗೆ ಹೋಗಿಬಿಡುತ್ತಿದ್ದಳು. ಮನೆಯಲ್ಲಿದ್ದವಳು ಅತ್ತೆ ಒಬ್ಬಳೇ. ಕಡಿಮೆ ಮಾತಿನ, ಬಿಗಿ ಮೋರೆಯ ಹೆಂಗಸು. ನಾನು ಹೋದರೆ ಚಾಪೆ ಹಾಸಿ, ನೀರು ಕೊಟ್ಟು, ಹಿತ್ತಲಿಗೆ ನಡೆದುಬಿಡುತ್ತಿದ್ದಳು.

ಏಳನೇ ತಿಂಗಳಲ್ಲಿ ಆಕೆಯನ್ನು ನಾನೇ ಕುಷ್ಟಗಿಗೆ ಕರೆದುಕೊಂಡು ಹೋದೆ. ಹೆರಿಗೆ ಡಾಕ್ಟರಮ್ಮ ಸ್ಕ್ಯಾನಿಂಗ್ ಮಾಡಿಸಿ ನೋಡಿದರು. ಕೂಸು ದಿನಕ್ಕೆ ತಕ್ಕಷ್ಟು ಬೆಳೆದಿರಲಿಲ್ಲ, ಬಿಪಿ ಏರತೊಡಗಿತ್ತು. ಗುಳಿಗೆ ಬರೆದುಕೊಟ್ಟು, ನಿಂತು ಮಾಡುವ ಕೆಲಸ ಬಿಡಿಸಿ, ವಾರಕ್ಕೊಮ್ಮೆ ಬರಹೇಳಿದರು. ನನ್ನನ್ನು ಪಕ್ಕಕ್ಕೆ ಕರೆದು ಮುಖ್ಯವಾದ ಮಾತೊಂದು ಹೇಳಿದರು. ಇಂಥ ಬಸಿರಿನಲ್ಲಿ ಯಂತ್ರಕ್ಕಿಂತ ಮೊದಲು ತಾಯಿಗೆ ಗೊತ್ತಾಗುತ್ತದೆ. ಕೂಸು ದಣಿದರೆ ಮಿಸುಕಾಟ ಕಡಿಮೆ ಮಾಡುತ್ತದೆ. ದಿನಾ ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಎಣಿಸಲಿ. ಎರಡು ತಾಸಿನಲ್ಲಿ ಹತ್ತು ಸಲ ಮಿಸುಕದಿದ್ದರೆ ಕಾಯಬೇಡಿ, ಹೊರಟು ಬನ್ನಿ.

ನಾನು ರಟ್ಟಿನ ಮೇಲೆ ಚೌಕ ಗೆರೆ ಹಾಕಿ, ವಾರಗಳ ಹೆಸರು ಬರೆದು ಕೊಟ್ಟೆ. ಒಂದೊಂದು ಮಿಸುಕಾಟಕ್ಕೆ ಒಂದೊಂದು ಗೀಟು. ಆಕೆ ತಲೆಯಾಡಿಸಿ ಇಸಿದುಕೊಂಡಳು.

ಐದು ದಿನ ಬಿಟ್ಟು ಹೋದಾಗ ರಟ್ಟು ತುಂಬಿತ್ತು. ದಿನಕ್ಕೆ ಹತ್ತು ಗೀಟು, ಒಂದೇ ಉದ್ದ, ಒಂದೇ ಓರೆ. ನನಗೆ ಸಮಾಧಾನವಾಗಿ ಚಹಾ ಕುಡಿದು ಹೊರಟಿದ್ದೆ. ಜೊತೆಗಿದ್ದ ಆಶಾ ಬಾಗಿಲಲ್ಲಿ ನನ್ನನ್ನು ತಡೆದು ರಟ್ಟು ತೋರಿಸಿದಳು. ಅಂದು ಇನ್ನೂ ಗುರುವಾರ. ಬರಲಿರುವ ಶುಕ್ರವಾರ, ಶನಿವಾರದ ಚೌಕಗಳೂ ತುಂಬಿದ್ದವು.

ಗುಳಿಗೆ ಎಣಿಸಿದೆ, ಸರಿಯಾಗಿ ನುಂಗಿದ್ದಳು. ಉಪ್ಪು ಕಡಿಮೆ ಮಾಡಿದ್ದಳು. ಕೆಲಸ ಬಿಟ್ಟಿದ್ದಳು. ತನ್ನ ಮೈಗೆ ಸಂಬಂಧಪಟ್ಟಿದ್ದು ಏನು ಹೇಳಿದರೂ ಮಾಡುತ್ತಿದ್ದಳು. ಕೂಸಿನ ಕಡೆ ಗಮನ ಕೊಡಬೇಕಾದ ಒಂದು ಕೆಲಸ ಮಾತ್ರ ಆಕೆಯಿಂದ ಆಗುತ್ತಿರಲಿಲ್ಲ. ಇದು ನನಗೆ ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ, ಸಿಟ್ಟು ಬಂತು.

ಮುಂದಿನ ತಪಾಸಣೆಯ ದಿನ ಅಂಗನವಾಡಿಯಲ್ಲಿ ಎಂಟು ಹತ್ತು ಬಸುರಿಯರು ಕೂತಿದ್ದರು. ಅವರೆಲ್ಲರೆದುರು ಆಕೆಯ ರಟ್ಟನ್ನು ಕೈಯಲ್ಲಿ ಹಿಡಿದು, ಹೊಟ್ಟೆಯೊಳಗಿನ ಕೂಸಿನ ಮೇಲೆ ನಿನಗೆ ಕರುಳೇ ಇಲ್ಲವೇನು ಎಂದು ಕೇಳಿಬಿಟ್ಟೆ. ಆಕೆ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟುಹೋದಳು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಆಡಿ ಮರಳಿ ತೆಗೆದುಕೊಳ್ಳಬೇಕೆನಿಸಿದ ಮಾತು ಅದೊಂದೇ.

ಆಮೇಲೆ ಒಂದು ವಾರ ಆ ಮನೆಯ ಬಾಗಿಲು ನನಗೆ ತೆರೆಯಲಿಲ್ಲ. ಒಳಗೆ ಪಾತ್ರೆಯ ಸಪ್ಪಳ ಕೇಳುತ್ತಿತ್ತು. ಆಶಾ ಹೋದರೂ ಅಷ್ಟೇ. ಕುಷ್ಟಗಿಗೆ ಹೋಗುವ ದಿನ ಹಾಗೇ ಕಳೆಯಿತು. ಬಿಪಿ ಎಷ್ಟಿದೆಯೋ ಗೊತ್ತಿಲ್ಲ, ಕೂಸು ಹೇಗಿದೆಯೋ ಗೊತ್ತಿಲ್ಲ. ಎಂಟನೇ ತಿಂಗಳು ಹಿಡಿದಿತ್ತು. ಲಸಿಕೆ ಹಾಕುವಾಗ, ವರದಿ ಬರೆಯುವಾಗ, ನನ್ನ ಮನೆಯಲ್ಲಿ ರೊಟ್ಟಿ ತಟ್ಟುವಾಗ ಕೂಡ ದಿನ ಲೆಕ್ಕ ಹಾಕುತ್ತಿದ್ದೆ. ಮೇಲಧಿಕಾರಿಗೆ ಹೇಳಿದೆ. ಸಹಕರಿಸುತ್ತಿಲ್ಲ ಎಂದು ಬರೆದು ಸಹಿ ಮಾಡಿಸಿಕೊಳ್ಳಿ, ನಾಳೆ ನಿಮ್ಮ ಮೇಲೆ ಬರಬಾರದು ಎಂದರು. ಆ ಕಾಗದವನ್ನೂ ಸಿದ್ಧ ಮಾಡಿದ್ದೆ.

ಕಾಗದ ಹಿಡಿದು ಹೋದ ಮಧ್ಯಾಹ್ನ ಅತ್ತೆ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಕೇರುತ್ತಿದ್ದಳು. ಸೊಸೆ ಒಳಗೆ ಮಲಗಿದ್ದಾಳೆ ಎಂದು ಕಣ್ಣಲ್ಲೇ ಹೇಳಿದಳು. ನಾನು ಕಟ್ಟೆಯ ಮೇಲೆ ಕೂತೆ. ಕಾಗದ ಹೊರತೆಗೆಯಲು ಮನಸ್ಸಾಗಲಿಲ್ಲ. ಅಂಗನವಾಡಿಯಲ್ಲಿ ನಾನು ಆಡಿದ್ದು ತಪ್ಪಾಯಿತು ಎಂದೆ. ಅತ್ತೆ ಕೇರುವುದನ್ನು ನಿಲ್ಲಿಸಲಿಲ್ಲ. ಆ ಜೋಳ ಕೇರಿ ಮುಗಿದ ಮೇಲೆ ಮೊರ ಕೆಳಗಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಮಾತಾಡಿದಳು.

"ಉಂಡು ಮಕ್ಕೊಂತಾಳ್ರಿ. ನಿದ್ದಿ ಹತ್ತಿದ ಮ್ಯಾಲೆ ನಾ ಹೋಗಿ ಹೊಟ್ಟಿ ಮ್ಯಾಲೆ ಕೈ ಇಡತೀನಿ. ಜೀವ ಐತೋ ಇಲ್ಲೋ ಅಂತ ನೋಡಿ ಬರತೀನಿ. ಅಕೀಗೆ ಹೇಳಬ್ಯಾಡ್ರಿ."

ಯಾಕೆ ಹೇಳಬಾರದು ಎಂದು ಕೇಳಿದೆ.

"ನಾ ಆಸೆ ಇಟ್ಟೀನಿ ಅಂತ ಗೊತ್ತಾದ್ರ ಅಕೀ ಮ್ಯಾಲೆ ಭಾರ ಬೀಳತೈತಿ. ಎರಡು ಸಲ ನನ್ನ ಮುಖ ನೋಡಿ ಅತ್ತಾಳ. ನಾ ಸುಮ್ಮನಿದ್ರ ಅಕೀಗೆ ಹಗುರ ಅಂತ ಸುಮ್ಮನದೀನಿ."

ಒಂದೇ ಸೂರಿನ ಕೆಳಗೆ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಭಾರವಾಗಬಾರದೆಂದು ಬಾಯಿ ಕಟ್ಟಿಕೊಂಡಿದ್ದರು. ಸೊಸೆಗೆ ಅತ್ತೆಯ ಮೌನ ಕಲ್ಲಿನಂತೆ ಕಂಡಿರಬೇಕು.

ಅಲ್ಲೇ ಒಂದು ತೀರ್ಮಾನ ಮಾಡಿದೆ. ನಮಗೆ ಕಲಿಸಿದ ಪ್ರಕಾರ ಎಣಿಸಬೇಕಾದವಳು ತಾಯಿ. ಹೊರಗಿನಿಂದ ಇಟ್ಟ ಕೈಗೆ ಎಷ್ಟೋ ಮಿಸುಕಾಟ ತಪ್ಪಿಹೋಗುತ್ತದೆ, ಆ ಲೆಕ್ಕವನ್ನು ನಂಬುವಂತಿಲ್ಲ. ಅದು ಗೊತ್ತಿದ್ದೂ ಎಣಿಕೆಯನ್ನು ಅತ್ತೆಯ ಕೈಗೆ ಕೊಟ್ಟೆ. ಮೊರದಿಂದ ಹತ್ತು ಜೋಳದ ಕಾಳು ಆರಿಸಿ ಒಂದು ಬಟ್ಟಲಿಗೆ ಹಾಕಿದೆ. ಒಂದು ಸಲ ಮಿಸುಕಿದರೆ ಒಂದು ಕಾಳನ್ನು ಇನ್ನೊಂದು ಬಟ್ಟಲಿಗೆ ಹಾಕಬೇಕು. ಎರಡು ತಾಸಿನೊಳಗೆ ಮೊದಲ ಬಟ್ಟಲು ಬರಿದಾಗಬೇಕು. ಆಗದಿದ್ದರೆ ನನಗೆ ಫೋನು. ಮತ್ತೊಂದು ಮಾತು ಹೇಳಿದೆ: ಕದ್ದು ಮಾಡಬೇಡಿ. ಆಕೆ ಎಚ್ಚರಿದ್ದಾಗಲೇ ಪಕ್ಕದಲ್ಲಿ ಕೂತುಕೊಳ್ಳಿ. ಅತ್ತೆ ಅದಕ್ಕೆ ಹೂಂ ಅನ್ನಲಿಲ್ಲ. ನನ್ನ ನಂಬರನ್ನು ಮಾತ್ರ ಗೋಡೆಯ ಮೇಲೆ ಇದ್ದಲಿನಿಂದ ಬರೆಸಿಕೊಂಡಳು. ಸಹಿಯ ಕಾಗದವನ್ನು ಮನೆಗೆ ಬಂದು ಹರಿದೆ.

ಮೊದಲ ಎರಡು ದಿನ ಅತ್ತೆಗೆ ಆರು, ಏಳು ಸಿಕ್ಕವು. ಎರಡೂ ದಿನ ನಾನು ಗಾಡಿ ತೆಗೆದುಕೊಂಡು ಓಡಿದೆ, ಅತ್ತೆಯೇ ಬಾಗಿಲು ತೆರೆದು ಒಳಗೆ ಬಿಟ್ಟಳು. ಎರಡೂ ದಿನ ಎದೆಬಡಿತ ಸರಿಯಿತ್ತು, ನಾನೇ ಕೈಯಿಟ್ಟು ನೋಡಿದರೆ ಕೂಸು ಮಿಸುಕುತ್ತಿತ್ತು. ಇದು ನಡೆಯುವ ಕೆಲಸವಲ್ಲ ಎನಿಸಿತು.

ಮೂರನೇ ದಿನ ನಡೆದದ್ದನ್ನು ಅತ್ತೆ ಹೇಳಿದಳು. ಎಂದಿನಂತೆ ಸೊಸೆಗೆ ನಿದ್ದೆ ಹತ್ತಿದೆ ಎಂದುಕೊಂಡು ಕೈ ಇಟ್ಟು ಕೂತಿದ್ದಾಳೆ. ನಾಲ್ಕು ಕಾಳು ದಾಟಿದ್ದವು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಸೊಸೆ ಕಣ್ಣು ತೆರೆಯದೇ ಮಾತಾಡಿದ್ದಾಳೆ.

"ಅತ್ತೀ, ಈಗೊಂದು ಬಂತು. ನೀವು ಕಾಳು ಹಾಕಲಿಲ್ಲ."

ಅತ್ತೆಗೆ ಕೈ ತೆಗೆಯಬೇಕೋ ಇಡಬೇಕೋ ತಿಳಿಯಲಿಲ್ಲವಂತೆ. ಕಾಳು ಹಾಕಿದಳಂತೆ. ಸ್ವಲ್ಪ ಹೊತ್ತಿಗೆ ಸೊಸೆ ಅತ್ತೆಯ ಕೈ ಹಿಡಿದು ಒಂದಿಷ್ಟು ಕೆಳಗೆ, ಬಲಕ್ಕೆ ಸರಿಸಿದಳಂತೆ. ಅಲ್ಲಿ ಕಾಲು ಸಿಗುತ್ತದೆ ಎಂದಳಂತೆ. ಅಂದರೆ ಆಕೆಗೆ ಎಲ್ಲ ಗೊತ್ತಿತ್ತು. ಕಾಲೆಲ್ಲಿ, ಬೆನ್ನೆಲ್ಲಿ, ಯಾವಾಗ ಎಚ್ಚರ, ಯಾವಾಗ ನಿದ್ದೆ, ಎಲ್ಲ. ಒಬ್ಬಳೇ ಅಷ್ಟನ್ನೂ ಒಳಗಿಟ್ಟುಕೊಂಡು ಗೋಡೆ ನೋಡುತ್ತಿದ್ದಳು.

ಅಂದಿನಿಂದ ಸೊಸೆಯೇ ನನಗೆ ಬಾಗಿಲು ತೆರೆಯತೊಡಗಿದಳು. ನಾನು ತಪ್ಪಾಯಿತು ಅಂದಾಗ ಆಕೆ ಬಿಪಿ ಪಟ್ಟಿಗೆ ತೋಳು ಚಾಚಿದಳು. ಹತ್ತು ಹನ್ನೆರಡು ದಿನ ಮಧ್ಯಾಹ್ನವೆಲ್ಲ ಇಬ್ಬರೂ ಕಾಳು ಎಣಿಸಿದರು. ನೆಟ್ಟಿನಲ್ಲಿ ಆಕೆಯ ಪಕ್ಕದ ಸಾಲು ಹಿಡಿಯುತ್ತಿದ್ದ ಗೆಳತಿಯೊಬ್ಬಳು ಸಂಜೆ ಪುಂಡಿಪಲ್ಯ ಹಿಡಿದು ಬಂದು ಕೂರತೊಡಗಿದಳು. ಆದರೆ ಬಿಪಿ ಮಾತ್ರ ನಮ್ಮ ಮಾತು ಕೇಳಲಿಲ್ಲ. ಕುಷ್ಟಗಿಯಲ್ಲಿ ಗುಳಿಗೆ ಹೆಚ್ಚಿಸಿದರು. ಪಾದ ಊದಿತ್ತು. ಇನ್ನು ಒಂದೂವರೆ ವಾರ ತಡೆದರೆ ಹೆರಿಗೆ ಮಾಡಿಸೋಣ, ಅಷ್ಟರೊಳಗೆ ಏನೇ ಆದರೂ ಬನ್ನಿ ಎಂದರು ಡಾಕ್ಟರಮ್ಮ.

ಆ ಒಂದೂವರೆ ವಾರ ನಮಗೆ ಸಿಗಲಿಲ್ಲ. ನಾನು ಪಕ್ಕದ ತಾಂಡಾದಲ್ಲಿ ಲಸಿಕೆ ಹಾಕುತ್ತಿದ್ದಾಗ ಅತ್ತೆಯ ಫೋನು ಬಂತು. ಎರಡು ತಾಸಿನಲ್ಲಿ ಮೂರೇ ಕಾಳು. ಲಸಿಕೆ ಡಬ್ಬಿಯನ್ನು ಆಶಾಗೆ ಒಪ್ಪಿಸಿ ಹೋದೆ. ಬಿಪಿ ನೂರರವತ್ತಕ್ಕೆ ಏರಿತ್ತು. ಡಾಪ್ಲರ್ ಇಟ್ಟೆ. ಎದೆಬಡಿತ ನೂರಾ ನಲವತ್ತು, ಒಂದೇ ಸಮ. ಅಷ್ಟೊತ್ತಿಗೆ ಸೇರಿದ್ದ ಓಣಿಯವರು, ಬಡಿತ ಇದೆಯಲ್ಲ, ಕತ್ತಲಾಗುತ್ತ ಬಂತು, ನಾಳೆ ಬೆಳಿಗ್ಗೆ ಹೋದರಾಯಿತು ಎಂದರು. ನನಗೂ ಒಂದು ಗಳಿಗೆ ಹಾಗೇ ಅನಿಸಿತು. ಯಂತ್ರದ ಸಂಖ್ಯೆಯಲ್ಲಿ ತಪ್ಪೇನೂ ಇರಲಿಲ್ಲ. ಬಿಪಿಗೆ ಗುಳಿಗೆ ಕೊಟ್ಟು ಕಾಯೋಣವೇ ಎಂದುಕೊಂಡೆ.

ಆಕೆ ಎದ್ದು ಕೂತು ನನ್ನ ಕಡೆ ತಿರುಗಿದಳು.

"ಅದು ಹಿಂಗ ಇರಂಗಿಲ್ಲ ಅಕ್ಕಾರ. ಉಂಡ ಮ್ಯಾಲೆ ಸುಮ್ಮನಿರೋದು ಅದರ ಪದ್ಧತಿ ಅಲ್ಲ. ಮುಂಜಾನಿಂದ ಮಂಕಾಗೇತಿ."

ನಾನು ಆಕೆಯ ಮಾತಿನ ಮೇಲೆ ಹೊರಟೆ.

೧೦೮ ಬೇರೊಂದು ಹೆರಿಗೆಗೆ ಹೋಗಿತ್ತು. ನೆಟ್ಟಿನ ಮೇಸ್ತ್ರಿಯ ಸಣ್ಣ ಗೂಡ್ಸ್ ಗಾಡಿಯಲ್ಲಿ ಹಾಸಿಗೆ ಹಾಸಿ, ಎಡಮಗ್ಗುಲಾಗಿ ಮಲಗಿಸಿ, ಅತ್ತೆಯೂ ನಾನೂ ಎರಡೂ ಕಡೆ ಕೂತೆವು. ಕುಷ್ಟಗಿಯಲ್ಲಿ ಡಾಕ್ಟರಮ್ಮ ಹೊಟ್ಟೆಗೆ ಪಟ್ಟಿ ಕಟ್ಟಿ ಇಪ್ಪತ್ತು ನಿಮಿಷ ಬಡಿತದ ಗೆರೆ ತೆಗೆದರು. ಗೆರೆ ಏರಿಳಿತವಿಲ್ಲದೆ ಚಪ್ಪಟೆಯಾಗಿ ಹೋಗುತ್ತಿತ್ತು. ನಡುವೆ ಒಮ್ಮೆ ತಗ್ಗಿಗೆ ಬಿದ್ದು ನಿಧಾನಕ್ಕೆ ಮೇಲೆ ಬಂತು. ಅವರು ಕೂಡಲೇ ಫಿಟ್ಸ್ ಬರದಂತೆ ಚುಚ್ಚುಮದ್ದು ಕೊಟ್ಟು, ಹುಟ್ಟುವ ಕೂಸಿಗೆ ಎಳೆಶಿಶುಗಳ ಘಟಕ ಬೇಕೇ ಬೇಕು ಎಂದು ಕೊಪ್ಪಳಕ್ಕೆ ಫೋನು ಮಾಡಿ, ಆಂಬುಲೆನ್ಸ್ ಹತ್ತಿಸಿದರು.

ಆ ದಾರಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಮುಂದೆ ಕಲ್ಲು ಹೊತ್ತ ಲಾರಿಗಳ ಸಾಲು. ನಾನು ಐದೈದು ನಿಮಿಷಕ್ಕೆ ಬಡಿತ ನೋಡುತ್ತಿದ್ದೆ. ನೂರಾ ಮೂವತ್ತು. ನೂರಾ ಇಪ್ಪತ್ತು. ಒಮ್ಮೆ ತೊಂಬತ್ತು, ಮತ್ತೆ ಮೇಲೆ. ಆಕೆ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ಬೈಯುತ್ತಿದ್ದಳು. ಅಳುತ್ತಿರಲಿಲ್ಲ. "ಇಷ್ಟು ದಿವಸ ನಿದ್ದಿ ಮಾಡಗೊಡದಂಗ ಒದ್ದಿ. ಈಗ ಯಾಕ ಸುಮ್ಮನಾದಿ? ಒಂದ ಸಲಾರ ಒದಿ. ಒಂದ ಸಲಾರ." ಹಟಮಾರಿ ಕೂಸಿನೊಂದಿಗೆ ಮಾತಾಡುವ ದನಿ ಅದು. ಅತ್ತೆ ಸೊಸೆಯ ಕಾಲು ಹಿಡಿದು ಕೂತಿದ್ದಳು. ನಾನು ಈಕೆಯನ್ನು ಎಲ್ಲಿಗೆ ತಂದು ನಿಲ್ಲಿಸಿದೆ ಎನಿಸಿತು. ಅದು ತನ್ನದಾಗದಂತೆ ಆಕೆ ಆರು ತಿಂಗಳು ಕಾಯ್ದುಕೊಂಡಿದ್ದಳು. ಈಗ ಪೂರ್ತಿ ಆಕೆಯದಾಗಿದೆ, ಈಗ ಹೋದರೆ ಈ ಸಲ ಆಕೆ ಉಳಿಯುವುದಿಲ್ಲ.

ಕೊಪ್ಪಳ ಮುಟ್ಟಿದ ಅರ್ಧ ತಾಸಿನೊಳಗೆ ಆಪರೇಷನ್ ಆಯಿತು. ಹೆಣ್ಣುಕೂಸು. ಒಂದೂವರೆ ಕೆಜಿಗೂ ಕಡಿಮೆ. ಹುಟ್ಟಿ ಅಳಲಿಲ್ಲ. ಮುಖಕ್ಕೆ ಉಸಿರಿನ ಚೀಲ ಹಿಡಿದು ಒತ್ತುತ್ತಲೇ ಘಟಕಕ್ಕೆ ಒಯ್ದರು. ತಾಯಿಯ ಬಿಪಿ ಇಳಿಯದೆ ಆಕೆಯನ್ನು ಐಸಿಯುವಿನಲ್ಲಿಟ್ಟರು.

ಗಂಡ ಗಂಗಾವತಿಯಿಂದ ಗಿರಣಿಯ ಬಟ್ಟೆಯಲ್ಲೇ ಬಂದಿದ್ದ. ತಲೆಯಲ್ಲಿ ತೌಡಿನ ಧೂಳು. ಘಟಕದ ಬಾಗಿಲಿನ ಎದುರು ಬೇವಿನ ಮರದ ಬುಡದಲ್ಲಿ ಕೂತಿದ್ದ, ಒಳಗೆ ಬರಲಿಲ್ಲ. ಕಂಕುಳಲ್ಲಿ ಮಡಚಿದ ಹೊಸ ಬಿಳಿ ಬಟ್ಟೆ ಇತ್ತು. ನಾನು ನೋಡಿದ್ದನ್ನು ಕಂಡು ಹಿಂದಕ್ಕೆ ಸರಿಸಿದ. ಆಮೇಲೆ ತಾನೇ ಹೇಳಿದ.

"ಎರಡು ಸಲಾನೂ ಮಣ್ಣು ಮಾಡೋ ಹೊತ್ತಿಗೆ ಅರಿವಿ ಸಿಗದ ಹುಡುಕ್ಯಾಡೀನ್ರಿ ಅಕ್ಕಾರ. ಅದಕ್ಕ ಬರುವಾಗ ತಂದೆ."

ಜೀವ ಇದೆ ಎಂದೆ. ಆತ ನಂಬಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಘಟಕದ ನರ್ಸ್ ಬಾಗಿಲಿಗೆ ಬಂದು ಕೂಸಿಗೆ ಸುತ್ತಲು ಮೆತ್ತನೆಯ ಬಟ್ಟೆ ಬೇಕೆಂದು ಕೇಳಿದಳು. ನಾನು ಆತನ ಕೈಯಿಂದ ಆ ಬಟ್ಟೆ ಇಸಿದುಕೊಂಡು ಕೊಟ್ಟೆ. ಆತ ಮೊಣಕಾಲಲ್ಲಿ ಮುಖ ಇಟ್ಟುಕೊಂಡ.

ಇಪ್ಪತ್ತನಾಲ್ಕು ದಿನ ಅಲ್ಲಿದ್ದರು. ಮೊದಲ ವಾರ ಎರಡು ಸಲ ಉಸಿರು ನಿಂತು ಮತ್ತೆ ಬಂತು. ಸೋಂಕಾಯಿತು, ಹಾಲು ದಕ್ಕಲಿಲ್ಲ, ತೂಕ ಇಳಿಯಿತು. ತಾಯಿ ನಾಲ್ಕನೇ ದಿನಕ್ಕೆ ಗಾಲಿಕುರ್ಚಿಯಲ್ಲಿ ಘಟಕಕ್ಕೆ ಹೋದಳು. ಕೂಸನ್ನು ಎದೆಗೆ ಅಂಟಿಸಿಕೊಂಡು ಕೂರುವ ಸರದಿಯನ್ನು ಅತ್ತೆ ಸೊಸೆ ಹಂಚಿಕೊಂಡರು. ನಾನು ರವಿವಾರಗಳಲ್ಲಿ ಮಾತ್ರ ಹೋಗಿ ಬರುತ್ತಿದ್ದೆ. ಪ್ರತಿ ಸಲವೂ ವಾರ್ಡಿನ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಅವರಿಬ್ಬರ ಮುಖ ನೋಡಿದ ಮೇಲೆಯೇ ಒಳಗೆ ಕಾಲಿಡುತ್ತಿದ್ದೆ.

ಊರಿಗೆ ಬಂದ ಮೂರನೇ ದಿನ ಕೂಸಿನ ತೂಕ ನೋಡಲು ಅವರ ಮನೆಗೆ ಹೋದೆ. ಎರಡು ಕೆಜಿಗೆ ಸ್ವಲ್ಪ ಕಡಿಮೆ. ಅತ್ತೆ ಒಳಗೆ ರೊಟ್ಟಿ ಮಾಡುತ್ತಿದ್ದಳು. ಆಕೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನಾನು ಬರೆಯುವುದು ಮುಗಿಯುವತನಕ ಕಾದು ಕೇಳಿದಳು.

"ಅವೆರಡೂ ಕಡೀ ದಿವಸ ಹಿಂಗ ಮಂಕಾಗಿದ್ವು ಅಕ್ಕಾರ. ನನಗ ಗೊತ್ತಾಗಿತ್ತು. ನಿದ್ದಿ ಮಾಡತಾವ ಅಂದ್ಕೊಂಡೆ. ಆವಾಗ ಎಣಿಸಿ ಓಡಿ ಹೋಗಿದ್ರ ಉಳೀತಿದ್ವೇನ್ರಿ?"

ಇದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವಿದೆ. ಹಾಗೆಲ್ಲ ಯೋಚನೆ ಮಾಡಬೇಡ, ಆದದ್ದು ಆಯಿತು ಎನ್ನುತ್ತೇವೆ. ಅದು ಬಾಯಿಗೆ ಬರಲಿಲ್ಲ.

ಮೊದಲನೆಯದು ನನಗೆ ಗೊತ್ತಿಲ್ಲ ಎಂದೆ. ಎರಡನೆಯದು ಉಳಿಯುತ್ತಿತ್ತೋ ಇಲ್ಲವೋ, ಅದನ್ನೂ ಹೇಳಲಾರೆ. "ಆದ್ರ ಆವಾಗ ನಿನಗ ಎಣಿಸೂದು ಕಲಿಸಬೇಕಾದಾಕಿ ನಾನ ಇದ್ದೆ, ತಂಗಿ. ನಾ ಕಲಿಸಲಿಲ್ಲ. ಒಮ್ಮೆ ನೋಡಿ ಹೋದೆ. ಅದರ ತಪ್ಪು ನಿಂದಲ್ಲ."

ಆಕೆ ಆಗ ಎದ್ದು ಹೊರಗೆ ಹೋಗು ಎಂದಿದ್ದರೆ ಹೋಗುತ್ತಿದ್ದೆ. ಒಳಗಿನಿಂದ ಅತ್ತೆ ರೊಟ್ಟಿ ಆರುತ್ತವೆ ಎಂದು ಕರೆದಳು. ಆಕೆ ಕೂಸಿನ ತಲೆಯ ಕೆಳಗೆ ಕೈ ತೂರಿಸಿ, ಮೆಲ್ಲಗೆ ಎತ್ತಿ, ನನ್ನ ತೊಡೆಯ ಮೇಲೆ ಇಟ್ಟಳು.

"ಹಿಡೀರಿ, ಉಂಡು ಬರತೀನಿ" ಎಂದು ಒಳಗೆ ಹೋದಳು.